ಹೃದಯ ಬಂತು, ಚೀಲ ಬರಲಿಲ್ಲ

ನಾನು ಅರಸೀಕೆರೆಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಪ್ರಯೋಗಾಲಯದ ಹಳೆಯ ಹೃದಯದ ಮಾದರಿ ಬಿದ್ದು ಒಡೆದದ್ದರಿಂದ ಬೆಂಗಳೂರಿನ ಅಂಗಡಿಯೊಂದರಿಂದ 2,400 ರೂಪಾಯಿಗೆ ಹೊಸದನ್ನು ತರಿಸಿದೆ. ಮೂರು ತುಂಡುಗಳು, ಹಿಡಿದಿಡಲು ಅಯಸ್ಕಾಂತ. ಅಯಸ್ಕಾಂತಕ್ಕೆ ಶಕ್ತಿ ಸಾಲದು; ಎತ್ತುವಾಗ ಅಡಿಗೆ ಕೈ ಕೊಡದಿದ್ದರೆ ಎಡ ಹೃತ್ಕರ್ಣ ಕಳಚಿ ಬೀಳುತ್ತದೆ.

ಆದರೆ ಹೃದಯದಿಂದ ದೇಹಕ್ಕೆ ರಕ್ತ ಒಯ್ಯುವ ದೊಡ್ಡ ನಾಳ, ಮಹಾಪಧಮನಿಯ ಬುಡ ಬಿಚ್ಚಿ ನೋಡಿ ಖುಷಿಯಾಯಿತು. ಕವಾಟದ ಮೇಲೆಯೇ ಸಾಸಿವೆಯಷ್ಟು ಎರಡು ರಂಧ್ರಗಳಿವೆ. ಹೃದಯದ ಸ್ನಾಯುವಿಗೇ ರಕ್ತ ಒಯ್ಯುವ ಕರೋನರಿ ಅಪಧಮನಿಗಳು ಹುಟ್ಟುವುದು ಅಲ್ಲೇ. ದೇಹಕ್ಕೆ ರಕ್ತ ನೂಕುವ ಕೋಣೆಯಾದ ಎಡ ಹೃತ್ಕುಕ್ಷಿ ಹಿಂಡಿಕೊಂಡಾಗ ಅದರ ಸ್ನಾಯು ತನ್ನೊಳಗಿನ ನಾಳಗಳನ್ನೇ ಅದುಮುತ್ತದೆ. ಸಡಿಲವಾದಾಗಲೇ ಅದಕ್ಕೆ ಹೆಚ್ಚು ರಕ್ತ ಸಿಗುವುದು. ಎಲ್ಲರಿಗೂ ಬಡಿಸಿ ಆಮೇಲೆ ಎಲೆ ಹಾಕಿಕೊಳ್ಳುವ ನಮ್ಮತ್ತೆಯ ಹಾಗೆ.

ಇಲ್ಲದಿರುವುದು ಹೃದಯಾವರಣ. ಪಠ್ಯದಲ್ಲಿ ಎರಡು ಪದರದ ಚೀಲವೆಂದು ಒಂದು ಸಾಲಾದರೂ ಇದೆ, ಮಾದರಿಯಲ್ಲಿ ಅದೂ ಇಲ್ಲ. ಅಂಗಡಿಗೆ ಫೋನ್ ಮಾಡಿ ‘ಹೊರಗಿನ ಚೀಲ ಬಂದಿಲ್ಲ’ ಎಂದೆ. ‘ಧೂಳಿನ ಕವರ್ ತಾನೇ ಮೇಡಂ? ಕಳಿಸುತ್ತೇನೆ, ದುಡ್ಡು ಬೇಡ’ ಎಂದರು. ಮೂರನೆಯ ದಿನ ದಪ್ಪ ಪ್ಲಾಸ್ಟಿಕ್ ಕವರ್ ಬಂತು. ಈ ಖರೀದಿಯಲ್ಲಿ ಹೆಚ್ಚು ಪಾಠ ಹೇಳಿದ್ದು ಅದೇ.

ಕವರಿನೊಳಗೆ ಬಲೂನು ಇಟ್ಟು, ಅದರ ಬಾಯಿಯನ್ನೂ ಒಂದು ಸಲೈನ್ ಕೊಳವೆಯನ್ನೂ ಹೊರಗೆ ಬಿಟ್ಟು ಬಿಗಿಯಾಗಿ ಕಟ್ಟಿದೆವು. ಮೊದಲು ಬಲೂನು ಸಲೀಸಾಗಿ ಉಬ್ಬಿತು. ಕೊಳವೆಯಿಂದ ನೀರು ತುಂಬಿಸಿದ ಮೇಲೆ ಎಷ್ಟು ಊದಿದರೂ ಅರ್ಧಕ್ಕೇ ನಿಂತಿತು. ನಿಜವಾದ ಚೀಲದಲ್ಲಿ ಸಾಮಾನ್ಯವಾಗಿ 15ರಿಂದ 50 ಮಿಲಿಲೀಟರ್ ದ್ರವವಿರುತ್ತದೆ. ದಿಢೀರನೆ 200 ಮಿಲಿಲೀಟರ್ ಸೇರಿದರೂ ಪ್ರಾಣಕ್ಕೆ ಕುತ್ತು. ಹೃದಯ ಸಡಿಲವಾಗುವಾಗ ತುಂಬಿಕೊಳ್ಳಲು ಜಾಗವಿಲ್ಲ. ಹೊರಹೋಗುವ ರಕ್ತ ಕಡಿಮೆಯಾಗಿ ಮಹಾಪಧಮನಿಯ ಒತ್ತಡ ಇಳಿಯುತ್ತದೆ, ಹೃದಯದೊಳಗಿನದು ಏರುತ್ತದೆ. ಕರೋನರಿಗೆ ರಕ್ತ ನೂಕುವುದು ಈ ಎರಡರ ನಡುವಿನ ಅಂತರ. ಅದೇ ಕುಗ್ಗಿದರೆ ನಾಳ ಎಷ್ಟು ಸ್ವಚ್ಛವಾಗಿದ್ದರೂ ಹರಿವು ಇಳಿಯುತ್ತದೆ. ತಿಂಗಳುಗಟ್ಟಲೆ ನಿಧಾನವಾಗಿ ತುಂಬಿದರೆ ಮಾತ್ರ ಚೀಲ ಹಿಗ್ಗಿಕೊಂಡು ಲೀಟರಿನಷ್ಟನ್ನೂ ತಾಳಬಲ್ಲದು. ನಮ್ಮ ಕವರ್ ಹಿಗ್ಗುವುದಿಲ್ಲವಾದ್ದರಿಂದ ಅದನ್ನು ಬಾಯಲ್ಲೇ ಹೇಳಿದೆ.

ಹಿಂದಿನ ಬೆಂಚಿನ ಹುಡುಗಿ ಕೇಳಿದಳು: ‘ಹಾಗಾದರೆ ಇದೂ ಹೃದಯಾಘಾತವೇ ಅಲ್ಲವೇ ಮೇಡಂ?’ ಅಲ್ಲ. ಹರಿವು ಇಳಿಯುವುದು ನಿಜ, ಆದರೆ ಕಡಿಮೆ ತುಂಬಿ ಕಡಿಮೆ ಪಂಪು ಮಾಡುವ ಹೃದಯಕ್ಕೆ ಕೆಲಸವೂ ಕಡಿಮೆ, ಹಸಿವೂ ಕಡಿಮೆ. ಸ್ನಾಯು ಅಷ್ಟರಲ್ಲೇ ನಿಭಾಯಿಸಿಕೊಳ್ಳುವುದು ಹೆಚ್ಚು; ದೇಹದ ಉಳಿದ ಭಾಗಕ್ಕೆ ರಕ್ತ ಸಾಲದಿರುವುದೇ ಮೊದಲ ಅಪಾಯ. ಚೀಲಕ್ಕೆ ಸೂಜಿ ಹಾಕಿ ದ್ರವ ತೆಗೆದರೆ ರಕ್ತದೊತ್ತಡ ಬೇಗನೆ ಸುಧಾರಿಸುತ್ತದೆ ಎಂದಾಗ, ಅವಳು ಎದ್ದುಬಂದು ಕೊಳವೆಯಿಂದ ನೀರು ಹಿಂದೆಳೆದಳು. ಬಲೂನು ಮತ್ತೆ ಉಬ್ಬಿತು.

ಐದಕ್ಕೆ ಮೂರು ನಕ್ಷತ್ರ ಕೊಡುತ್ತೇನೆ. ಕೊಳ್ಳುವವರು ಧೂಳಿನ ಕವರನ್ನು ಕೇಳಿ ತರಿಸಿಕೊಳ್ಳಿ, ಪೆಟ್ಟಿಗೆಯಲ್ಲಿ ಇರುವುದಿಲ್ಲ.