ರೆಡಿಮೇಡ್ ನಿಶ್ ಸೈಟ್ ತಗೊಳ್ಳೋದಾ, ನಾವೇ ಕಟ್ಟೋದಾ: ನಾಲ್ಕು ದಾರೀನೂ ನೋಡಿದ ಮೇಲೆ

ಅಫಿಲಿಯೇಟ್ ಮಾರ್ಕೆಟಿಂಗ್ (ಬೇರೆಯವರ ವಸ್ತುವಿಗೆ ಲಿಂಕ್ ಕೊಟ್ಟು, ಅದರಿಂದ ಯಾರಾದ್ರೂ ಕೊಂಡ್ರೆ ಕಮಿಷನ್ ತಗೊಳ್ಳೋದು) ಅಂತ ಒಂದ್ಸಲ ಸರ್ಚ್ ಮಾಡಿದ್ರೆ ಮುಗೀತು, ಆಮೇಲೆ ಎಲ್ಲಿ ಹೋದ್ರೂ ಅದೇ ಆಡ್ ಬೆನ್ನು ಹತ್ತುತ್ತೆ: ನಿಶ್ ಸೈಟ್ (ಒಂದೇ ಸಣ್ಣ ವಿಷಯದ ಮೇಲಿನ ವೆಬ್ಸೈಟ್) ರೆಡಿ ಇದೆ, ಡಿಸೈನ್ ಆಗಿದೆ, ಆರ್ಟಿಕಲ್ ಎಲ್ಲ ಹಾಕಿದೀವಿ, ನಿಮ್ಮ ಅಮೆಜಾನ್ ಐಡಿ ಹಾಕ್ಕೊಂಡು ಕೂತ್ಕೊಳ್ಳಿ ಸಾಕು ಅಂತ. ಇದು ತಗೊಳ್ಳೋಕೆ ಲಾಯಕ್ಕಾ ಅಂತ ಕೇಳೋರು ಸುಮಾರು ಜನ ಇದಾರೆ. ನಾನು ನಾಲ್ಕು ಥರದ್ದೂ ನಡೆಸಿ ನೋಡಿದೀನಿ. ಅಗ್ಗದ ರೆಡಿಮೇಡ್ ಪ್ಯಾಕೇಜು, ಹಳೇ ಡೊಮೇನ್ (ವೆಬ್ ವಿಳಾಸ) ಮೇಲೆ ಕಟ್ಟಿಕೊಡೋ ದುಬಾರಿ ಕಸ್ಟಮ್ ಪ್ಯಾಕೇಜು, ಆಗ್ಲೇ ಅಷ್ಟೋ ಇಷ್ಟೋ ದುಡೀತಿರೋ ಸಣ್ಣ ಸೈಟು, ಆಮೇಲೆ ಸೊನ್ನೆಯಿಂದ ನಾವೇ ಕಟ್ಟೋದು. ಯಾವುದು ಹೇಗೆ ಅಂತ ಒಂದೊಂದಾಗಿ ಹೇಳ್ತೀನಿ, ಆದ್ರೆ ನನ್ನ ತೀರ್ಮಾನ ಮೊದ್ಲೇ ಹೇಳ್ಬಿಡ್ತೀನಿ, ಕೊನೆವರೆಗೂ ಕಾಯಿಸೋದೇನಿಲ್ಲ: ಪ್ಯಾಕೇಜಲ್ಲಿ ಕೊಡೋದೆಲ್ಲ ಅಗ್ಗಕ್ಕೋ ಪುಕ್ಕಟೆನೋ ಸಿಗೋ ಸಾಮಾನು. ದುಡ್ಡು ತರೋ ಭಾಗ, ಅಂದ್ರೆ ಓದೋಕೆ ಬರೋ ಜನ, ಅದ್ರಲ್ಲಿ ಇರಲ್ಲ. ಮನೆಗೆ ಚೆನ್ನಾಗಿ ಬಣ್ಣ ಹೊಡ್ದು ಕೊಟ್ಟಿದಾರೆ, ನೀರಿನ ಕನೆಕ್ಷನ್ ಮಾತ್ರ ನೀವೇ ಹಾಕಿಸ್ಕೋಬೇಕು, ಹಂಗೆ.

ಮೊದ್ಲು ಅಗ್ಗದ ಪ್ಯಾಕೇಜ್. ಲಾಗಿನ್ ಮಾಡಿದ ತಕ್ಷಣ ಸೈಟಿನ ಮುಖಪುಟ ನಿಜಕ್ಕೂ ಚೆನ್ನಾಗೇ ಕಾಣುತ್ತೆ, ಲೋಗೋ ಇದೆ, ಮೆನು ಇದೆ, ಹಸಿರು ಬಣ್ಣದ "ಬೆಲೆ ನೋಡಿ" ಬಟನ್ ಇದೆ. ಡ್ಯಾಶ್‌ಬೋರ್ಡ್ ಒಳಗೆ ಹೋದ್ರೆ ಕಥೆ ಬೇರೆ. ಪ್ರೀಮಿಯಂ ಥೀಮ್ (ಸೈಟಿನ ರೆಡಿ ಡಿಸೈನ್) ಅಂತ ಹೇಳಿದ್ದಕ್ಕೆ ಲೈಸೆನ್ಸ್ ಆಕ್ಟಿವೇಟ್ ಮಾಡಿ ಅಂತ ಮೇಲ್ಗಡೆ ನೋಟೀಸ್ ಕೂತಿತ್ತು, ಅಂದ್ರೆ ಅಪ್‌ಡೇಟ್ ಬರಲ್ಲ, ನಾವೇ ಇನ್ನೊಂದ್ಸಲ ದುಡ್ಡು ಕೊಟ್ಟು ತಗೋಬೇಕು. ಯೂಸರ್ಸ್ ಲಿಸ್ಟಲ್ಲಿ ನನ್ನ ಹೆಸರಿನ ಜೊತೆ ಮಾರಿದವರ ಅಡ್ಮಿನ್ ಅಕೌಂಟೂ ಹಂಗೇ ಇತ್ತು. ಆರ್ಟಿಕಲ್ ಒಂದರಿಂದ ಒಂದು ಸಾಲು ಕಾಪಿ ಮಾಡಿ ಕೋಟ್ ಮಾರ್ಕ್ ಒಳಗೆ ಹಾಕಿ ಗೂಗಲ್ ಮಾಡಿದ್ರೆ ಅಕ್ಷರ ಅಕ್ಷರ ಅದೇ ಸಾಲು ಬೇರೆ ಬೇರೆ ಸೈಟಲ್ಲಿ ಸಿಕ್ತು, ಒಂದೇ ಪ್ಯಾಕೇಜನ್ನ ಲೋಗೋ ಬದಲಾಯಿಸಿ ಎಷ್ಟು ಜನಕ್ಕೆ ಮಾರಿದಾರೋ ದೇವರಿಗೇ ಗೊತ್ತು. ಆದ್ರೆ ಇದೆಲ್ಲಕ್ಕಿಂತ ಮಜಾ ಅಂದ್ರೆ ಲಿಂಕುಗಳು. ಬಟನ್ ಮೇಲೆ ಮೌಸ್ ಇಟ್ಟು ಕೆಳಗಡೆ ಮೂಡೋ ಅಡ್ರೆಸ್ ನೋಡ್ತಾ ಹೋದೆ, ಮುಖ್ಯ ಪೇಜುಗಳಲ್ಲಿ ನನ್ನ ಟ್ಯಾಗ್ (ಕಮಿಷನ್ ಯಾರಿಗೆ ಅಂತ ಅಮೆಜಾನಿಗೆ ಹೇಳೋ ಐಡಿ) ಇತ್ತು, ಆದ್ರೆ ಒಂದು ಹಳೇ ಹೋಲಿಕೆ ಟೇಬಲ್ಲಲ್ಲಿ ‘-20’ ಅಂತ ಮುಗಿಯೋ ಬೇರೆ ಯಾರದ್ದೋ ಟ್ಯಾಗು. ನಾನು ಜನರನ್ನ ಕರ್ಕೊಂಡು ಬರ್ಬೇಕು, ಕಮಿಷನ್ ಅವರಿಗೆ ಹೋಗ್ಬೇಕು! ಬೇಕಂತ ಬಿಟ್ಟಿದ್ದೋ ಮರೆತು ಬಿಟ್ಟಿದ್ದೋ, ಕೇಳಿದ್ರೆ ಸಪೋರ್ಟ್ ಕಡೆಯಿಂದ ಉತ್ತರ ಬರ್ಲೇ ಇಲ್ಲ. ಮೇಲೆ ಥಳುಕು ಒಳಗೆ ಹುಳುಕು ಅನ್ನೋದು ಇದಕ್ಕೇ.

ಇದರ ಜೊತೆಗೆ ಅಮೆಜಾನ್ ರೂಲ್ಸ್ ವಿಷಯ, ಇದನ್ನ ಮಾರೋರು ಯಾರೂ ಹೇಳಲ್ಲ. ಅಮೆಜಾನ್ ಪ್ರಾಡಕ್ಟ್ ಫೋಟೋನ ಡೌನ್‌ಲೋಡ್ ಮಾಡಿ ನಮ್ಮ ಸರ್ವರಲ್ಲಿ ಇಟ್ಕೊಳ್ಳೋ ಹಾಗಿಲ್ಲ, ಬೆಲೇನ ಕೈಯಲ್ಲಿ ಟೈಪ್ ಮಾಡಿ ಹಾಕೋ ಹಾಗಿಲ್ಲ, ಎರಡೂ ಅವರ ಎಪಿಐ (ಅಮೆಜಾನಿಂದ ಮಾಹಿತಿ ನೇರವಾಗಿ ಸೈಟಿಗೆ ತರೋ ವ್ಯವಸ್ಥೆ) ಮೂಲಕಾನೇ ಬರ್ಬೇಕು. ಮೊದ್ಲು ಸೈಟ್‌ಸ್ಟ್ರೈಪ್ ಅನ್ನೋ ಟೂಲಲ್ಲಿ ಫೋಟೋ ಲಿಂಕ್ ಸಿಗ್ತಿತ್ತು, 2023ರ ಕೊನೆಗೆ ಅದನ್ನೂ ನಿಲ್ಲಿಸಿದ್ರು. ಎಪಿಐ ಬೇಕು ಅಂದ್ರೆ ಮೊದ್ಲು ಒಂದಷ್ಟು ಸೇಲ್ ಆಗಿರಬೇಕು. ಹೊಸ ಅಕೌಂಟಿಗೆ 180 ದಿನದೊಳಗೆ 3 ಸೇಲ್ ಆಗ್ಲಿಲ್ಲ ಅಂದ್ರೆ ಅಕೌಂಟೇ ಕ್ಲೋಸ್. ಈಗ ಈ ಪ್ಯಾಕೇಜ್ ನೋಡಿ, ಮೀಡಿಯಾ ಲೈಬ್ರರಿ ತುಂಬಾ ಡೌನ್‌ಲೋಡ್ ಮಾಡಿದ ಫೋಟೋಗಳು, ಟೇಬಲ್ ತುಂಬಾ ಟೈಪ್ ಮಾಡಿದ ಬೆಲೆಗಳು. ಹಂಗೇ ಪಬ್ಲಿಷ್ ಮಾಡಿದ್ರೆ ಮೊದಲ ಸೇಲ್ ಆಗೋಕೆ ಮುಂಚೇನೇ ನಮ್ಮ ಅಕೌಂಟನ್ನ ರಿಸ್ಕಿಗೆ ಹಾಕಿದಂಗೆ. ಎಲ್ಲಾ ತೆಗೆದು ಹಾಕಿ ಸರಿ ಮಾಡೋಕೆ ಹಿಡಿದ ಟೈಮಲ್ಲಿ ಹೊಸ ಸೈಟೇ ಕಟ್ಟಬಹುದಿತ್ತು. ಟ್ರಾಫಿಕ್ ಅಂತೂ ಆರಕ್ಕೇರಲಿಲ್ಲ ಮೂರಕ್ಕಿಳಿಯಲಿಲ್ಲ, ಅದನ್ನ ಬಿಡಿ.

ದುಬಾರಿ ಕಸ್ಟಮ್ ಪ್ಯಾಕೇಜ್ ಇದಕ್ಕಿಂತ ಎಷ್ಟೋ ವಾಸಿ, ಆರ್ಟಿಕಲ್ ಮನುಷ್ಯರು ಬರೆದಂಗೆ ಇದ್ವು, ಥೀಮ್ ಲೈಸೆನ್ಸ್ ಸರಿ ಇತ್ತು, ಕೇಳಿದ್ದಕ್ಕೆಲ್ಲ ಉತ್ತರ ಕೊಡ್ತಿದ್ರು. ಆದ್ರೆ ಅವರು ಜಾಸ್ತಿ ದುಡ್ಡು ಕೇಳೋದು ಆರ್ಟಿಕಲ್ಲಿಗೆ ಅಲ್ಲ, ಹಳೇ ಡೊಮೇನಿಗೆ. ಆ ಡೊಮೇನಿಗೆ ಬೇರೆ ಸೈಟುಗಳಿಂದ ಆಗ್ಲೇ ಬ್ಯಾಕ್‌ಲಿಂಕ್ ಇದೆ, ಡಿಆರ್ ಇಷ್ಟಿದೆ, ಬೇಗ ರ‍್ಯಾಂಕ್ ಆಗುತ್ತೆ ಅನ್ನೋದು ಅವರ ವಾದ. ಡಿಆರ್ ಅನ್ನೋದು ಡೊಮೇನಿಗೆ ಬರೋ ಲಿಂಕುಗಳ ಬಲದ ಬಗ್ಗೆ ಅಹ್ರೆಫ್ಸ್ ಕಂಪನಿಯ ಅಂದಾಜು, ಡಿಎ ಅನ್ನೋದು ಅದೇ ಥರ ಮಾಝ್ ಕಂಪನಿಯ ಅಂದಾಜು, ಎರಡೂ ಗೂಗಲ್ ಲೆಕ್ಕ ಅಲ್ಲ, ನಾಲ್ಕು ರೀಡೈರೆಕ್ಟ್ ಹೊಡೆದು (ಬೇರೆ ವಿಳಾಸಗಳನ್ನ ಇದಕ್ಕೆ ತಿರುಗಿಸಿ) ಆ ನಂಬರ್ ಏರಿಸೋರು ಬೇಕಾದಷ್ಟು ಜನ ಇದಾರೆ. ಅದಕ್ಕೆ ನಾನು ಮೊದ್ಲು ಮಾಡೋದು ವೇಬ್ಯಾಕ್ ಮಷೀನಲ್ಲಿ (ಸೈಟುಗಳ ಹಳೇ ರೂಪ ಉಳಿಸಿಡೋ ಆರ್ಕೈವ್) ಆ ಡೊಮೇನ್ ಹಾಕಿ ವರ್ಷ ವರ್ಷಾನೂ ತೆಗೆದು ನೋಡೋದು. ನನಗೆ ತೋರಿಸಿದ್ದರಲ್ಲಿ ಒಂದು ಡೊಮೇನ್ ಶುರುವಿನಲ್ಲಿ ಯಾವುದೋ ಸಂಗೀತ ತಂಡದ್ದು, ಕಾರ್ಯಕ್ರಮದ ಪಟ್ಟಿ, ತಂಡದ ಫೋಟೋ, ಎಲ್ಲ ಮುದ್ದಾಗಿದೆ. ಆಮೇಲೆ ಸ್ವಲ್ಪ ಕಾಲ ಖಾಲಿ. ಆಮೇಲೆ ಇದ್ದಕ್ಕಿದ್ದಂಗೆ ನನಗೆ ಓದೋಕೂ ಬರದ ಭಾಷೆಯಲ್ಲಿ ಕ್ಯಾಸಿನೋ ಪೇಜುಗಳು. ಈಗ ಅದೇ ಡೊಮೇನ್ ಮೇಲೆ ಅಡುಗೆಮನೆ ಮಿಕ್ಸಿ ರಿವ್ಯೂ ಹಾಕಿ ನನಗೆ ಮಾರೋಕೆ ಬಂದಿದಾರೆ. ಸಂಗೀತ ತಂಡಕ್ಕೆ ಅಂತ ಯಾರೋ ಕೊಟ್ಟ ಲಿಂಕು ಮಿಕ್ಸಿಗೆ ಯಾಕೆ ಕೆಲಸ ಮಾಡ್ಬೇಕು ಹೇಳಿ?

ಗೂಗಲ್ಲೂ ಇದನ್ನೇ ಕೇಳ್ತು. 2024ರ ಮಾರ್ಚಲ್ಲಿ ಸ್ಪ್ಯಾಮ್ ಪಾಲಿಸಿ ಬದಲಾಯಿಸಿದಾಗ ಮೂರು ವಿಷಯ ಹೆಸರಿಟ್ಟು ಸೇರಿಸಿದ್ರು, ಅದ್ರಲ್ಲಿ ಎರಡು ಇಲ್ಲಿಗೆ ಸಂಬಂಧಪಟ್ಟಿದ್ದು, ಒಂದು ಎಕ್ಸ್‌ಪೈರ್ಡ್ ಡೊಮೇನ್ ಅಬ್ಯೂಸ್, ಅಂದ್ರೆ ಅವಧಿ ಮುಗಿದ ಡೊಮೇನ್ ತಗೊಂಡು ಅದರ ಹಳೇ ಹೆಸರಿನ ಬಲದ ಮೇಲೆ ಸಂಬಂಧ ಇಲ್ಲದ ಸತ್ವ ಇಲ್ಲದ ಕಂಟೆಂಟನ್ನ ರ‍್ಯಾಂಕ್ ಮಾಡಿಸೋದು, ಇನ್ನೊಂದು ಸ್ಕೇಲ್ಡ್ ಕಂಟೆಂಟ್ ಅಬ್ಯೂಸ್, ಅಂದ್ರೆ ಓದೋರಿಗೆ ಉಪಯೋಗಕ್ಕಲ್ಲದೆ ಬರೀ ಸರ್ಚಿಗೋಸ್ಕರ ರಾಶಿ ರಾಶಿ ಪೇಜು ಹುಟ್ಟಿಸೋದು, ಬರೆದಿದ್ದು ಎಐ ಆದ್ರೂ ಮನುಷ್ಯರಾದ್ರೂ ಸೈ. ಪ್ಯಾಕೇಜ್ ಮಾರೋರ ಪೂರ್ತಿ ಬಿಸಿನೆಸ್ಸೇ ಈ ಎರಡು ಸಾಲಲ್ಲಿ ಬಂದ್ಬಿಡ್ತಲ್ಲ ಅಂತ ಅನಿಸ್ತು ನನಗೆ. ಹಾಗಂತ ಹಳೇ ಡೊಮೇನ್ ತಗೊಂಡ್ರೇ ತಪ್ಪು ಅಂತಲ್ಲ, ಅದೇ ವಿಷಯದ ಡೊಮೇನ್, ಅದೇ ಓದುಗರು, ಒಳ್ಳೇ ಕಂಟೆಂಟ್ ಅಂದ್ರೆ ಅಡ್ಡಿಯಿಲ್ಲ. ಆದ್ರೆ ಹಂಗೆ ಸಿಗೋದು ಕಮ್ಮಿ, ಸಿಕ್ಕಿದ್ರೆ ಅವರೇ ಯಾಕೆ ಮಾರ್ತಾರೆ?

ಮೂರನೇದು ದುಡೀತಿರೋ ಸೈಟ್. ಫ್ಲಿಪ್ಪಾ, ಎಂಪೈರ್ ಫ್ಲಿಪ್ಪರ್ಸ್ ಥರದ ಸೈಟ್ ಮಾರೋ ಕೊಳ್ಳೋ ಕಡೆ ಇವು ಸಿಗ್ತವೆ, ಬೆಲೆ ಕಟ್ಟೋದು ತಿಂಗಳ ಲಾಭದ ಇಂತಿಷ್ಟು ಪಟ್ಟು ಅಂತ, ಸಾಮಾನ್ಯವಾಗಿ ಎರಡು ಮೂರು ವರ್ಷದ ಲಾಭದ ಆಸುಪಾಸು. ಮೊದಲೆರಡಕ್ಕೆ ಹೋಲಿಸಿದ್ರೆ ಇಲ್ಲಿ ಕೊಡೋ ದುಡ್ಡು ಹಲವು ಪಟ್ಟು ಜಾಸ್ತಿ, ಆದ್ರೆ ಕೊಡೋದಕ್ಕೆ ಏನೋ ಒಂದು ಕೈಗೆ ಬರುತ್ತೆ, ನಿಜವಾದ ಜನ ಬರ್ತಿದಾರೆ, ನಿಜವಾಗ್ಲೂ ಕೊಳ್ತಿದಾರೆ. ಪ್ಯಾಕೇಜುಗಳಿಗೂ ಇದಕ್ಕೂ ಇರೋ ವ್ಯತ್ಯಾಸ ಇಷ್ಟೇ, ಇಲ್ಲಿ ಪರೀಕ್ಷೆ ಮಾಡೋಕೆ ಸಾಕ್ಷಿ ಇದೆ, ಅಲ್ಲಿ ಬರೀ ಭರವಸೆ.

ಸಾಕ್ಷಿ ಅಂದ್ರೆ ಸ್ಕ್ರೀನ್‌ಶಾಟ್ ಅಲ್ಲ ಮತ್ತೆ. ಬ್ರೌಸರಲ್ಲಿ ರೈಟ್ ಕ್ಲಿಕ್ ಮಾಡಿ ಇನ್‌ಸ್ಪೆಕ್ಟ್ ಒತ್ತಿದ್ರೆ ಯಾವ ನಂಬರ್ ಬೇಕಾದ್ರೂ ಎಷ್ಟಾದ್ರೂ ಮಾಡ್ಕೋಬಹುದು, ಸಣ್ಣ ಮಕ್ಕಳಿಗೂ ಬರುತ್ತೆ. ನಾನು ಕೇಳೋದು ಎರಡೇ, ಸರ್ಚ್ ಕನ್ಸೋಲಿಗೆ (ಗೂಗಲ್ ಸರ್ಚಿಂದ ಸೈಟಿಗೆ ಎಷ್ಟು ಕ್ಲಿಕ್ ಬರ್ತಿದೆ ಅಂತ ತೋರಿಸೋ ಗೂಗಲ್ ಟೂಲ್) ನೋಡೋಕೆ ಮಾತ್ರ ಪರ್ಮಿಷನ್ ಕೊಡಿ, ಆಮೇಲೆ ವಿಡಿಯೋ ಕಾಲಲ್ಲಿ ಸ್ಕ್ರೀನ್ ಶೇರ್ ಮಾಡಿ ನನ್ನೆದುರೇ ಅಮೆಜಾನ್ ಲಾಗಿನ್ ಆಗಿ ಪೇಜ್ ರಿಫ್ರೆಶ್ ಮಾಡಿ ತೋರಿಸಿ. ಇದಕ್ಕೆ ಕುಂಟು ನೆಪ ಹೇಳಿದ್ರೆ ಅಲ್ಲಿಗೆ ಮಾತು ಮುಗೀತು. ಸರ್ಚ್ ಕನ್ಸೋಲಲ್ಲಿ ಮೊದ್ಲು ಮ್ಯಾನ್ಯುಯಲ್ ಆಕ್ಷನ್ಸ್ ಪೇಜ್ (ಗೂಗಲ್ ಸೈಟಿಗೆ ಶಿಕ್ಷೆ ಕೊಟ್ಟಿದ್ರೆ ಇಲ್ಲಿ ಕಾಣುತ್ತೆ) ನೋಡ್ಬೇಕು, ಆಮೇಲೆ 16 ತಿಂಗಳ ಗ್ರಾಫ್, ಅದಕ್ಕಿಂತ ಹಿಂದಿಂದು ಅಲ್ಲಿ ಸಿಗಲ್ಲ. ಬರೀ ಹಿಂದಿನ ಮೂರು ತಿಂಗಳ ಲಾಭ ಹಿಡ್ಕೊಂಡು ಬೆಲೆ ಹೇಳಿದ್ರೆ ಆ ಮೂರು ತಿಂಗಳಲ್ಲಿ ದೊಡ್ಡ ಸೇಲ್ ಸೀಸನ್ ಇತ್ತಾ ನೋಡಿ. ಇನ್ನೊಂದು, ಪೇಜ್ ಪ್ರಕಾರ ಕ್ಲಿಕ್ ಎಲ್ಲಿಂದ ಬರ್ತಿದೆ ಅಂತ ನೋಡಿ, ನಾನು ನೋಡಿದ ಒಂದು ಸೈಟಲ್ಲಿ ನೂರಾರು ಪೋಸ್ಟ್ ಇದ್ರೂ ಗಳಿಕೆಯ ಬಹುಪಾಲು ಒಂದೇ ಆರ್ಟಿಕಲ್ಲಿಂದು. ಆ ಒಂದು ಪೇಜ್ ಕೆಳಗಿಳಿದ್ರೆ ಸೈಟೇ ಕೆಳಗಿಳೀತು, ಅಂದ್ರೆ ನಾವು ಬೆಲೆ ಕೊಡ್ತಿರೋದು ನೂರಾರು ಪೋಸ್ಟಿಗಲ್ಲ, ಒಂದಕ್ಕೆ.

ಕೊಂಡ ಮೇಲೂ ತಲೆನೋವು ಇದೆ. ಅವರ ಅಮೆಜಾನ್ ಅಕೌಂಟ್ ನಮಗೆ ವರ್ಗ ಆಗಲ್ಲ, ನಾವೇ ಹೊಸದಾಗಿ ಅಪ್ಲೈ ಮಾಡಿ ಎಲ್ಲಾ ಲಿಂಕಲ್ಲೂ ಟ್ಯಾಗ್ ಬದಲಾಯಿಸ್ಬೇಕು. ಬೇರೆ ಅಫಿಲಿಯೇಟ್ ಪ್ರೋಗ್ರಾಂ ಇದ್ರೆ ಅವರು ನಮಗೆ ಅಪ್ರೂವಲ್ ಕೊಡ್ತಾರೆ ಅನ್ನೋ ಗ್ಯಾರಂಟಿ ಇಲ್ಲ, ಮಾರೋರಿಗೆ ಸಿಗ್ತಿದ್ದ ಸ್ಪೆಷಲ್ ರೇಟ್ ನಮಗೆ ಸಿಗ್ದೇನೂ ಇರಬಹುದು. ಡೊಮೇನ್ ಟ್ರಾನ್ಸ್‌ಫರ್, ಹೋಸ್ಟಿಂಗ್ ಬದಲಾವಣೆ ಅಷ್ಟೇನೂ ಕಷ್ಟ ಇಲ್ಲ, ಆದ್ರೆ ದುಡ್ಡು ಮಾತ್ರ ಎಸ್ಕ್ರೋ (ವ್ಯವಹಾರ ಮುಗಿಯೋವರೆಗೂ ದುಡ್ಡು ಹಿಡಿದಿಡೋ ಮೂರನೆಯವರು) ಮೂಲಕಾನೇ ಹೋಗ್ಲಿ, ಎಲ್ಲಾ ಕೈಗೆ ಬಂದ ಮೇಲೇನೇ ಬಿಡುಗಡೆ ಆಗ್ಲಿ.

ಇನ್ನು ನಾವೇ ಕಟ್ಟೋದು. ಇದರ ಬಗ್ಗೆ ಜಾಸ್ತಿ ಹೇಳೋಕೇನಿಲ್ಲ ಯಾಕಂದ್ರೆ ಸೈಟ್ ಕಟ್ಟೋದು ಅನ್ನೋ ಭಾಗ ಒಂದು ಸಂಜೆ ಕೆಲಸ. ವರ್ಡ್‌ಪ್ರೆಸ್ ಫ್ರೀ, ಆಸ್ಟ್ರಾ ಜನರೇಟ್‌ಪ್ರೆಸ್ ಥರದ ಥೀಮುಗಳ ಫ್ರೀ ವರ್ಷನ್ನೇ ಸಾಕು, ಡೊಮೇನ್ ಹೋಸ್ಟಿಂಗ್ ಬಿಟ್ರೆ ಖರ್ಚಿಲ್ಲ. ಪ್ಯಾಕೇಜಿನೋರು ಇಷ್ಟುದ್ದ ಲಿಸ್ಟ್ ಕೊಡ್ತಾರಲ್ಲ, ಎಸ್‌ಎಸ್‌ಎಲ್ ಇದೆ ಕಾಂಟ್ಯಾಕ್ಟ್ ಫಾರ್ಮ್ ಇದೆ ಪ್ರೈವಸಿ ಪೇಜ್ ಇದೆ ಅಂತ, ಅದೆಲ್ಲ ಆ ಒಂದು ಸಂಜೇಲಿ ಮುಗಿಯೋದೇ. ಚಾಟ್‌ಜಿಪಿಟಿ 2022ರ ನವೆಂಬರಲ್ಲಿ ಬಂದ ಮೇಲಂತೂ "50 ಆರ್ಟಿಕಲ್ ಫ್ರೀ" ಅನ್ನೋ ಮಾತಿಗೆ ಮೂರು ಕಾಸಿನ ಬೆಲೆ ಇಲ್ಲ. ಬೆಲೆ ಇರೋದು ಎಲ್ಲಿ ಅಂದ್ರೆ ವಸ್ತುನ ಕೈಲಿ ಹಿಡ್ದು, ಬಳಸಿ, ನಮ್ಮದೇ ಫೋಟೋ ತೆಗ್ದು, ಇದರ ಮುಚ್ಚಳ ಸರಿ ಕೂರಲ್ಲ ಅಂತ ಬರೆಯೋದ್ರಲ್ಲಿ. ಗೂಗಲ್ 2021ರ ಏಪ್ರಿಲಿನಿಂದ ರಿವ್ಯೂ ಅಪ್‌ಡೇಟುಗಳಲ್ಲಿ ಅದನ್ನೇ ಹೇಳ್ತಾ ಬಂದಿದೆ, 2022ರ ಡಿಸೆಂಬರಲ್ಲಿ ತನ್ನ ಗೈಡ್‌ಲೈನಿಗೆ ಅನುಭವ ಅನ್ನೋದನ್ನೂ ಸೇರಿಸ್ತು. ಈ ಕೆಲಸಾನ ಯಾವ ಪ್ಯಾಕೇಜೂ ನಮಗಾಗಿ ಮಾಡಿ ಕೊಡಲ್ಲ, ಕೊಡೋಕೆ ಆಗೋದೂ ಇಲ್ಲ. ನನ್ನ ನಾಲ್ಕರಲ್ಲಿ ಖರ್ಚು ಕಳೆದು ಲಾಭ ತೋರಿಸಿದ್ದು ಇದು ಮತ್ತೆ ಕೊಂಡ ಸಣ್ಣ ಸೈಟು, ಎರಡೇ. ಇದು ತುಂಬಾ ನಿಧಾನ, ಎಷ್ಟೋ ಕಾಲ ಗ್ರಾಫ್ ನೆಲ ಬಿಟ್ಟು ಏಳಲ್ಲ, ಆ ತಾಳ್ಮೆ ಇಲ್ಲದಿದ್ರೆ ಈ ದಾರಿ ಬೇಡ ಅಂತಾನೇ ಹೇಳ್ತೀನಿ.

ಲಾಭದ ಲೆಕ್ಕಾನೂ ಸ್ವಲ್ಪ ನೋಡಿ, ಯಾಕಂದ್ರೆ ಮಾರೋರ ಪೇಜಲ್ಲಿ ಇದು ಇರಲ್ಲ. ಸುಮ್ನೆ ಉದಾಹರಣೆಗೆ, ತಿಂಗಳಿಗೆ 1000 ಜನ ಬಂದ್ರು, ಅದ್ರಲ್ಲಿ 100 ಜನ ಲಿಂಕ್ ಒತ್ತಿದ್ರು, 5 ಜನ ಕೊಂಡ್ರು, ಕಮಿಷನ್ ಶೇ. 3 ಅನ್ಕೊಳ್ಳಿ. ಕೈಗೆ ಬಂದಿದ್ದು ಒಂದು ವಸ್ತುವಿನ ಬೆಲೆಯ ಶೇ. 15 ಮಾತ್ರ. ಅಮೆಜಾನ್ ಕುಕೀ (ನಮ್ಮ ಲಿಂಕಿಂದ ಬಂದೋರು ಅನ್ನೋ ಗುರುತು) ಇರೋದು 24 ಗಂಟೆ, ಅಷ್ಟರೊಳಗೆ ಕೊಂಡ್ರೆ ಅಥವಾ ಕಾರ್ಟಿಗೆ ಹಾಕಿದ್ರೆ ಸರಿ, ಇಲ್ಲಾಂದ್ರೆ ಕ್ಲಿಕ್ ದಂಡ. ಕಮಿಷನ್ ರೇಟೂ ಇದ್ದಂಗೆ ಇರಲ್ಲ, 2020ರ ಏಪ್ರಿಲಲ್ಲಿ ಅಮೆರಿಕದ ಪ್ರೋಗ್ರಾಮಲ್ಲಿ ಫರ್ನಿಚರ್ ಮತ್ತು ಮನೆ ರಿಪೇರಿ ಸಾಮಾನಿಗೆ ಶೇ. 8 ಇದ್ದಿದ್ದು ಶೇ. 3ಕ್ಕೆ ಇಳೀತು, ದಿನಸಿಗೆ 5 ಇದ್ದಿದ್ದು 1 ಆಯ್ತು. ಆ ನಿಶ್ಶುಗಳಲ್ಲಿ ಸೈಟ್ ಕೊಂಡಿದ್ದೋರ ಗಳಿಕೆ ಒಂದೇ ಏಟಿಗೆ ಅರ್ಧಕ್ಕಿಂತ ಕೆಳಗೆ. ಅದಕ್ಕೆ ನಿಶ್ ನೋಡುವಾಗ ಅಮೆಜಾನ್ ಬಿಟ್ಟು ಬೇರೆ ಎರಡು ಪ್ರೋಗ್ರಾಂ ಆದ್ರೂ ಇದೆಯಾ ಅಂತ ನಾನು ನೋಡೇ ನೋಡ್ತೀನಿ, ಅಗ್ಗದ ಪ್ಯಾಕೇಜುಗಳು ಬಹುತೇಕ ಪೂರ್ತಿ ಅಮೆಜಾನ್ ಮೇಲೇ ನಿಂತಿರ್ತವೆ.

ಹಂಗಾದ್ರೆ ಯಾರಿಗೆ ಯಾವುದು? ಕೈಲಿ ದುಡ್ಡಿದೆ, ಟೈಮಿಲ್ಲ, ಲೆಕ್ಕ ಪತ್ರ ಕೆದಕಿ ನೋಡೋ ಬುದ್ಧಿ ಇದೆ ಅಂದ್ರೆ ದುಡೀತಿರೋ ಸಣ್ಣ ಸೈಟ್ ತಗೊಳ್ಳಿ. ದುಡ್ಡು ಕಮ್ಮಿ, ಟೈಮಿದೆ, ಒಂದು ವಿಷಯ ಚೆನ್ನಾಗಿ ಗೊತ್ತಿದೆ ಅಂದ್ರೆ ನೀವೇ ಕಟ್ಟಿ. ದುಬಾರಿ ಕಸ್ಟಮ್ ಪ್ಯಾಕೇಜು, ಡೊಮೇನ್ ಹಿಸ್ಟರಿ ಕ್ಲೀನ್ ಇದ್ದು ಮುಂದಿನ ಕಂಟೆಂಟ್ ನೀವೇ ಬರೀತೀರಾ ಅಂದ್ರೆ ಆಗ್ಬಹುದು, ಆದ್ರೆ ಅದನ್ನ ಸೆಟಪ್ ಖರ್ಚು ಅಂತ ನೋಡಿ, ಆದಾಯದ ಮೂಲ ಅಂತ ಅಲ್ಲ. ಅಗ್ಗದ ರೆಡಿಮೇಡ್ ಪ್ಯಾಕೇಜ್ ನಾನಂತೂ ಯಾರಿಗೂ ಹೇಳಲ್ಲ.

ಈಗಾಗ್ಲೇ ಅಂಥದ್ದು ತಗೊಂಡು ಕೂತಿದ್ರೆ ಇವತ್ತೇ ಒಳಗೆ ಹೋಗಿ ಮಾರಿದವರ ಅಡ್ಮಿನ್ ಅಕೌಂಟ್ ಡಿಲೀಟ್ ಮಾಡಿ, ಹೋಸ್ಟಿಂಗ್ ಪಾಸ್‌ವರ್ಡ್ ಬದಲಾಯಿಸಿ, ಡೊಮೇನ್ ನಿಮ್ಮ ಹೆಸರಲ್ಲೇ ಇದೆಯಾ ಅವರ ಅಕೌಂಟಲ್ಲೇ ಉಳಿದಿದೆಯಾ ನೋಡ್ಕೊಳ್ಳಿ. ಫೋಟೋ ಮತ್ತು ಟೈಪ್ ಮಾಡಿದ ಬೆಲೆಗಳನ್ನ ತೆಗೀರಿ. "ನಮ್ಮ ತಜ್ಞರು ಪರೀಕ್ಷಿಸಿದ್ದಾರೆ" ಅಂತ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಅಳಿಸಿ, ಯಾಕಂದ್ರೆ ಯಾರೂ ಪರೀಕ್ಷಿಸಿಲ್ಲ. ಆಮೇಲೆ ಡೇಟಾಬೇಸಲ್ಲಿ ‘tag=’ ಅಂತ ಬರೋ ಪ್ರತಿ ಲಿಂಕನ್ನೂ ಹುಡುಕಿ, ಬೆಟರ್ ಸರ್ಚ್ ರಿಪ್ಲೇಸ್ ಅಂತ ಒಂದು ಫ್ರೀ ಪ್ಲಗಿನ್ ಇದೆ, ಬದಲಾಯಿಸೋ ಮುಂಚೆ ಆ ಬೇರೆಯವರ ಟ್ಯಾಗನ್ನ ಹುಡುಕೋಕೆ ಕೊಟ್ಟು ಡ್ರೈ ರನ್ (ಏನೂ ಬದಲಾಯಿಸದೆ ಲೆಕ್ಕ ಮಾತ್ರ ತೋರಿಸೋದು) ಟಿಕ್ ಹಾಕಿ ಓಡಿಸಿದ್ರೆ ನಿಮ್ಮದಲ್ಲದ ಟ್ಯಾಗು ಇನ್ನೂ ಎಷ್ಟು ಕಡೆ ಕೂತಿದೆ ಅಂತ ಲೆಕ್ಕ ಕೊಡುತ್ತೆ.