ಹೆಂಚಿನ ಕೆಳಗೆ ಹಾಕಿಸಿದ ಸೂರಿನ ಟ್ರೇ: ನಾಲ್ಕು ಮಳೆಗಾಲ ಕಳೆದ ಮೇಲೆ

ನಮ್ಮ ಮನೆ ಬೆಳಗಾವಿಯಲ್ಲಿ, ಖಾನಾಪುರ ರಸ್ತೆ ಕಡೆ. 2018ರಲ್ಲಿ ಹಿತ್ತಲಿಗೆ ಹೊಂದಿಸಿ ಅಡುಗೆಮನೆ ಕಟ್ಟಿಸಿದೆವು. ಮೇಲೆ ಮಂಗಳೂರು ಹೆಂಚು, ಅದರ ಕೆಳಗೆ ಪ್ಲಾಸ್ಟಿಕ್ ಶೀಟು. ಸೂರಿಗೆ ಬೇರೇನೂ ಹಾಕಿರಲಿಲ್ಲ, ಆ ಶೀಟನ್ನೇ ಸೂರಿನ ಅಂಚಿಗೆ ಉದ್ದಕ್ಕೂ ಹೊಡೆದ ಹಲಗೆ ಮೇಲಿಂದ ಇಳಿಬಿಟ್ಟಿದ್ದರು. ಮರುವರ್ಷದ ಆಗಸ್ಟ್ ಮಳೆ ಈ ಕಡೆಯವರಿಗೆಲ್ಲ ನೆನಪಿದೆ ಅಲ್ವಾ? ಆಗಲೇ ಗೋಡೆಯ ಮೇಲ್ತುದಿ ಒದ್ದೆಯಾಗತೊಡಗಿತು. ಬಡಿಗರನ್ನು ಕರೆಸಿದರೆ, "ಸರ, ಒಂದು ಹೆಂಚೂ ಒಡೆದಿಲ್ಲ, ನೀರು ಎಲ್ಲಿಂದ ಬರತೈತಿ?" ಅಂದರು.

2021ರ ಫೆಬ್ರವರಿಯಲ್ಲಿ ಕೆಳಗಿನ ಎರಡು ಸಾಲು ಹೆಂಚು ತೆಗೆಸಿದಾಗ ಗೊತ್ತಾಯಿತು. ಗಾಳಿ ಮಳೆಗೆ ಹೆಂಚಿನ ಸಂದಿಯಲ್ಲಿ ಒಳಗೆ ಬಂದ ನೀರು ಶೀಟಿನ ಮೇಲೆ ಹರಿದು ಸೂರಿನತನಕ ಬರುತ್ತಿತ್ತು, ಆದರೆ ಹಲಗೆಯ ಹಿಂದೆ ಶೀಟು ಜೋತುಬಿದ್ದು ಅಲ್ಲೇ ಗುಂಡಿಯಾಗಿ ನೀರು ನಿಲ್ಲುತ್ತಿತ್ತು. ಹೊರಗೆ ಇಣುಕುತ್ತಿದ್ದ ಅಂಚು ಬಿಸಿಲಿಗೆ ಚೂರುಚೂರಾಗಿತ್ತು. ಹಲಗೆಗೆ ಉಗುರು ಒತ್ತಿದರೆ ಒಳಗೆ ಇಳಿಯುತ್ತಿತ್ತು.

ಹಲಗೆ ಬದಲಿಸಿ, ಶೀಟಿನ ಅಂಚಿಗೆ ಆಸರೆಯಾಗಿ ನೀರನ್ನು ಹೊರಗೆ ದಾಟಿಸುವ ಸೂರಿನ ಟ್ರೇ ಹಾಕಿಸಿದೆ. ಗಟ್ಟಿ ಕಪ್ಪು ಪ್ಲಾಸ್ಟಿಕ್, ಒಂದೊಂದು ತುಂಡು ಒಂದೂವರೆ ಮೀಟರ್. ಒಂದರ ಮೇಲೊಂದು 15 ಸೆಂಟಿಮೀಟರ್ ಬರಬೇಕು, ಹಾಗಾಗಿ ನಮ್ಮ 28 ಅಡಿ ಸೂರಿಗೆ ಏಳು ತುಂಡು ಬೇಕಾದವು. ಇದು ಹಲಗೆ ದಾಟಿ ನೀರಿನ ದೋಣಿಯೊಳಗೆ ಬಾಗುತ್ತದೆ. ಶೀಟು ಇದರ ಮೇಲೆ ಬಂದು ಹೆಂಚಿನ ನೆರಳಲ್ಲೇ ಮುಗಿಯುತ್ತದೆ, ಬಿಸಿಲು ತಾಗುವುದಿಲ್ಲ. ಬಡಿಗರು ಮೊದಲು ಶೀಟು ಕೆಳಗೆ, ಟ್ರೇ ಮೇಲೆ ಇಟ್ಟಿದ್ದರು. ಹಾಗೆ ಬಿಟ್ಟರೆ ನೀರು ಟ್ರೇಯ ಅಡಿಗೇ ಹೋಗುತ್ತದೆ. ನಿಂತು ನೋಡುತ್ತಿದ್ದೆ, ತೆಗೆಸಿ ಸರಿ ಮಾಡಿಸಿದೆ. ಮೊದಲ ಸಾಲಿನ ಹೆಂಚು ತಲೆ ಬಾಗಿಸಿ ಕೂತಿತ್ತು, ಅದಕ್ಕೊಂದು ತೆಳು ರೀಪು ಹೊಡೆಸಿ ಉಳಿದ ಸಾಲುಗಳ ಇಳಿಜಾರಿಗೆ ಸಮ ಮಾಡಿಸಬೇಕಾಯಿತು.

ಆಮೇಲೆ ನಾಲ್ಕು ಮಳೆಗಾಲ ಹೋದವು. ಗೋಡೆ ಒಣಗಿದೆ. ಹೊಸ ಹಲಗೆಯ ಬಣ್ಣ ಕೂಡ ಎದ್ದಿಲ್ಲ, ನನಗೆ ಅದೇ ದೊಡ್ಡ ಸಮಾಧಾನ. ಕೊರತೆ ಇಲ್ಲ ಅಂತಲ್ಲ. ಒಂದು ತುಂಡಿಗೆ ಮೊಳೆ ತೀರಾ ಬಿಗಿಯಾಗಿ ಹೊಡೆದಿದ್ದರು, ಅದು ಬಿಸಿಲಿಗೆ ಅಲೆಯಾಗಿ ಎದ್ದು ಜೋರು ಮಳೆಯಲ್ಲಿ ದೋಣಿಯ ಹಿಂದೆ ಹನಿ ಬೀಳುತ್ತದೆ. ಮೊದಲ ಸಾಲಿನ ಹೆಂಚಿನ ಅಡಿಯ ಸಂದಿಯಲ್ಲಿ ನುಗ್ಗುವ ಇಲಿ, ಗುಬ್ಬಿಗಳನ್ನೂ ಟ್ರೇ ತಡೆಯುವುದಿಲ್ಲ. ಅದಕ್ಕೆ ಬಾಚಣಿಗೆಯಂಥ ಪಟ್ಟಿ ಬೇರೆ ಬರುತ್ತದೆ, ನಾನು ಎರಡನೇ ವರ್ಷ ತಂದು ಹಾಕಿಸಿದೆ. ಗೌಂಡಿಯವರು ಆ ಸಂದಿಗೆ ಸಿಮೆಂಟ್ ತುಂಬೋಣ ಅಂದಿದ್ದರು. ದಯವಿಟ್ಟು ಒಪ್ಪಬೇಡಿ. ಗಾಳಿಯೂ ಆಡಬೇಕು, ಒಳಗೆ ಬಂದ ನೀರೂ ಹೊರಗೆ ಹೋಗಬೇಕು.

ಹೊಸದಾಗಿ ಕಟ್ಟಿಸುವವರು ಹೆಂಚು ಏರಿಸುವ ಮೊದಲೇ ಇದನ್ನು ಹಾಕಿಸಿ. ನನಗೆ ಹೆಂಚು ಇಳಿಸಿ ಮತ್ತೆ ಏರಿಸಿದ ಕೂಲಿಯೇ ಟ್ರೇಗಳ ಬೆಲೆಗಿಂತ ಜಾಸ್ತಿ ಆಯಿತು.