ಹಳೇ ಲಾರಿಗೆ ಅಗ್ಗದ ಟರ್ಬೊ ಹಾಕ್ಸೋಕೆ ಹೊರಟೋರು ಇದನ್ನ ಓದ್ಕೊಂಡು ಹೋಗಿ

"38,000ಕ್ಕೆ ಟರ್ಬೊ, ಫಿಟ್ಟಿಂಗ್ ಸೇರಿ. ಪಿಕಪ್ಪೂ ಬರ್ತದೆ, ಮೈಲೇಜೂ ಬರ್ತದೆ." ಬಳ್ಳಾರಿಯಲ್ಲಿ ಯಾರಾದರೂ ನಿಮಗೆ ಹೀಗಂದರೆ ಟೀ ಕುಡಿಯೋಕೂ ಕೂರಬೇಡಿ, ಎದ್ದು ಬನ್ನಿ. ಟರ್ಬೊ ಅಂದ್ರೆ ಸೈಲೆನ್ಸರಿಗೆ ಹೋಗೋ ಹೊಗೆಯ ಬಲದಲ್ಲೇ ತಿರುಗಿ ಎಂಜಿನ್‌ಗೆ ಜಾಸ್ತಿ ಗಾಳಿ ತುಂಬೋ ಯಂತ್ರ. ಅಂಗಡಿ ಹೆಸರು ಬರೆಯಲ್ಲ. ಬರೆದರೆ ನಾಳೆ ನನ್ನ ಮೇಲೇ ಕೇಸು ಹಾಕೋ ಮನುಷ್ಯ ಅವನು.

ನನ್ನದು ಟಾಟಾ 1210. ಎಂಜಿನ್ ಮಾಡೆಲ್ 697, ಟರ್ಬೊ ಇಲ್ಲದ್ದು. ಆರು ಸಿಲಿಂಡರ್, 97 ಎಂಎಂ ಬೋರ್, 5,675 ಸಿಸಿ. ಈ ಸಿಸಿ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ. ಗಾಡಿ ಹಳೇದಾದರೂ ಹೊಗೆ ಇರಲಿಲ್ಲ, ಆಯಿಲ್ ತಿಂತಿರಲಿಲ್ಲ. ಸಿರುಗುಪ್ಪದಿಂದ ಭತ್ತ, ಸೀಸನ್ ಇಲ್ಲದಾಗ ಜಲ್ಲಿ. ಲೋಡ್ ಹಾಕ್ಕೊಂಡು ಸಂಡೂರು ಕಡೆ ಏರು ಹತ್ತುವಾಗ ಮಾತ್ರ ಸೆಕೆಂಡ್ ಗೇರಲ್ಲಿ ಒದ್ದಾಡ್ತಿತ್ತು, ಹಿಂದೆ ಬರೋ ಹೊಸ ಟಿಪ್ಪರಿನವರು ಹಾರ್ನ್ ಹೊಡೆದು ಪ್ರಾಣ ತಿಂತಿದ್ರು. ಅದಕ್ಕೇ ಟರ್ಬೊ ವಿಚಾರ ಬಂದಿದ್ದು.

ಅವನ ಮಾತು ಕೇಳಬೇಕಿತ್ತು ನೀವು. "ಅಣ್ಣಾ, ಬಾಂಬೆ ಮಾಲು, ಒರಿಜಿನಲ್, ಬರೀ ಸರ್ವೀಸ್ ಮಾಡಿರೋದು. ನಿಮ್ಮ ಎಂಜಿನ್‌ಗೆ ಹೇಳಿ ಮಾಡಿಸಿದಂಗೆ ಐತೆ." ಪಿಸ್ಟನ್, ಹೆಡ್ ಗ್ಯಾಸ್ಕೆಟ್ ತಡೀತಾವಾ ಅಂತ ಕೇಳಿದೆ. "ಹಳೇ ಕಬ್ಬಿಣ ಅಣ್ಣ, ಏನೂ ಆಗಲ್ಲ." ಆರ್‌ಟಿಓ? "ಬಾನೆಟ್ ಎತ್ತಿ ಯಾರು ನೋಡ್ತಾರೆ?" ಬಿಲ್ಲು? "ಕೊಡೋಣ, ಕೊಡೋಣ." ಆ ಬಿಲ್ಲು ಇವತ್ತಿಗೂ ಬಂದಿಲ್ಲ.

ಸುಳ್ಳು ಯಾಕೆ ಹೇಳಲಿ, ಶುರುವಲ್ಲಿ ಎಳೀತು. ಆ ಸೀಟಿ ಸದ್ದಿಗೆ ಟೀ ಅಂಗಡಿಯಲ್ಲಿದ್ದವರೆಲ್ಲ ಎದ್ದು ಬಂದು ನೋಡಿದ್ರು. ಈಗ ಅದೇ ಜನ "ಏನ್ ಸಾವ್ಕಾರ್ರೆ, ಸೀಟಿ ನಿಂತೋಯ್ತಾ" ಅಂತ ಕೇಳ್ತಾರೆ, ಆ ಕಡೆ ತಲೆ ಎತ್ತಿ ಹೋಗೋ ಹಾಗಿಲ್ಲ. ಎಳೆತದ ಗುಟ್ಟು ಆಮೇಲೆ ಪಂಪ್ ಅಂಗಡಿಯವರು ಹೇಳಿದರು: ಎಂಜಿನ್‌ಗೆ ಡೀಸೆಲ್ ಬಿಡೋ ಪಂಪಿನ ಸೀಲ್ ಕಿತ್ತು ಡೀಸೆಲ್ ಜಾಸ್ತಿ ಬಿಟ್ಟಿದ್ದಾನೆ. ನನಗೆ ಒಂದು ಮಾತೂ ಹೇಳದೆ! ಸೈಲೆನ್ಸರಿನಿಂದ ಕರೀ ಹೊಗೆ. ಮೈಲೇಜ್ ಬರೋದಿರಲಿ, ಇದ್ದದ್ದೂ ಹೋಯ್ತು.

ಆಮೇಲೆ ಆಯಿಲ್ ಇಳಿಯೋಕೆ ಹತ್ತಿತು. ಫೋನ್ ಮಾಡಿದೆ. "ಹೊಸದಲ್ವಾ ಅಣ್ಣ, ಸೆಟ್ ಆಗಬೇಕು." ಮಾರುವಾಗ ಸರ್ವೀಸ್ ಮಾಡಿದ್ದು, ಈಗ ಹೊಸದು! ನೀಲಿ ಹೊಗೆ ಬಂತು, ಮತ್ತೆ ಫೋನ್. "ಆಯಿಲ್ ಯಾವುದು ಹಾಕಿದ್ರಿ? ಅಲ್ಲೇ ತಪ್ಪಾಗೈತೆ." ಅವನು ಹೇಳಿದ್ದೇ ಹಾಕಿದ್ದು. "ಹಂಗಾದ್ರೆ ನಿಮ್ಮ ಡ್ರೈವರ್ ನಿಲ್ಸಿದ ತಕ್ಷಣ ಆಫ್ ಮಾಡ್ತಿರಬೇಕು." ನಿಜ, ಟರ್ಬೊ ಗಾಡಿನ ಸ್ವಲ್ಪ ಹೊತ್ತು ಐಡಲಿಂಗಲ್ಲಿ ಬಿಟ್ಟು ಆಫ್ ಮಾಡಬೇಕು, ಇಲ್ಲಾಂದ್ರೆ ಕಾದ ಶಾಫ್ಟಿನ ಹತ್ರ ಆಯಿಲ್ ನಿಂತು ಸುಟ್ಟು ಗಟ್ಟಿಯಾಗುತ್ತೆ. ಅದನ್ನ ಫಿಟ್ ಮಾಡಿದ ದಿನ ಹೇಳೋದಲ್ವಾ? ಕೆಟ್ಟ ಮೇಲೆ ಹೇಳೋದಾ?

ತೆಕ್ಕಲಕೋಟೆ ಹತ್ರ ಭತ್ತದ ಲೋಡಲ್ಲಿ ಎಂಜಿನ್ ತಾನಾಗೇ ರೇಸ್ ಆಯ್ತು. ಡ್ರೈವರ್ ಆಕ್ಸಿಲರೇಟರ್ ಬಿಟ್ಟ, ಇಳೀಲಿಲ್ಲ. ಸ್ಟಾಪ್ ಕೇಬಲ್ ಎಳೆದ, ನಿಲ್ಲಲಿಲ್ಲ. ಡೀಸೆಲ್ ಬಂದ್ ಆದ್ರೂ ಟರ್ಬೊ ಸೀಲ್ ದಾಟಿ ಬಂದ ತನ್ನ ಆಯಿಲನ್ನೇ ಕುಡಿದು ಓಡ್ತಿತ್ತು. ರಸ್ತೆ ತುಂಬ ಹೊಗೆ, ಹಿಂದಿನ ಬೈಕಿನವರೇ ಕಾಣ್ತಿರಲಿಲ್ಲ. ಹಳೇ ಡ್ರೈವರ್ ಆಗಿದ್ದಕ್ಕೆ ಬಚಾವು: ಟಾಪ್ ಗೇರಿಗೆ ಹಾಕಿ, ಬ್ರೇಕ್ ತುಳಿದು, ಕ್ಲಚ್ ಬಿಟ್ಟು ಎಂಜಿನ್ ಸಾಯಿಸಿದ. ಅಷ್ಟರಲ್ಲಿ ಒಂದು ಪಿಸ್ಟನ್ ಕರಗಿ, ಲೈನರ್ ಗೀಚಿ, ಹೆಡ್ ಗ್ಯಾಸ್ಕೆಟ್ ಹೊಡೆದುಹೋಗಿತ್ತು.

ಮೋಸ ಅಂತ ತಿಳಿದಿದ್ದು ಹೊಸಪೇಟೆಯಲ್ಲಿ. ಟರ್ಬೊ ರಿಪೇರಿ ಮಾಡೋ ವಯಸ್ಸಾದ ಮೇಸ್ತ್ರಿ ಒಬ್ರು. ಕೈಯಲ್ಲಿ ಹಿಡಿದು ನೋಡಿ, ಬಿಚ್ಚೋಕೂ ಮುಂಚೆ "ಇದು ಯಾವ ಗಾಡೀದು?" ಅಂದ್ರು. 1210 ಅಂದೆ. ಸುಮ್ಮನೆ ನನ್ನ ಮುಖ ನೋಡಿದ್ರು. ಬಣ್ಣ ಕೆರೆದರು. ನಂಬರ್ ಇರೋ ಜಾಗದಲ್ಲಿ ಗ್ರೈಂಡರ್ ಹೊಡೆದ ಗುರುತು, ಅದರ ಮೇಲೆ ಬೇರೆ ತಗಡಿನ ಪ್ಲೇಟು. "ಇದು ಮೂರು ಲೀಟರಿನೊಳಗಿನ ಪಿಕಪ್ ಗಾಡಿ ಟರ್ಬೊ ರೀ. ಆರು ಲೀಟರ್ ಹತ್ರದ ಎಂಜಿನ್‌ಗೆ ಕಟ್ಟಿದಾರಲ್ಲ!" ಟರ್ಬೊ ಶಾಫ್ಟ್ ಮೊದಲೇ ನಿಮಿಷಕ್ಕೆ ಲಕ್ಷ ಸುತ್ತು ದಾಟೋ ವಸ್ತು, ಆಯಿಲ್ ಪದರದ ಮೇಲೆ ತೇಲಿಕೊಂಡು ತಿರುಗೋದು. ಸಣ್ಣ ಟರ್ಬೊಗೆ ದೊಡ್ಡ ಎಂಜಿನ್ನಿನ ಹೊಗೆ ನುಗ್ಗಿದರೆ ಅಳತೆ ಮೀರಿ ತಿರುಗುತ್ತೆ. ಆಯಿಲ್ ಎಂಜಿನ್ ಕೆಳಗಿನ ತೊಟ್ಟಿಗೆ (ಸಂಪ್) ವಾಪಸ್ ಇಳಿಯೋ ಪೈಪು ಅಗಲವಾಗಿ, ನೇರ ಕೆಳಗೆ ಇರಬೇಕು. ನನ್ನದಕ್ಕೆ ಬೆರಳು ಗಾತ್ರದ ರಬ್ಬರ್ ಪೈಪ್ ಮಡಚಿ ಸುತ್ತಿಸಿದ್ದ. ಬಾಂಬೆ ಮಾಲಂತೆ. ಒರಿಜಿನಲ್ಲಂತೆ. ಹೇಳಿ ಮಾಡಿಸಿದಂಗೆ ಐತಂತೆ!

ಒಯ್ದು ಅವನ ಟೇಬಲ್ ಮೇಲೇ ಇಟ್ಟೆ. "ಇದು ನಾನು ಕೊಟ್ಟಿದ್ದಲ್ಲ" ಅಂದ. ಫಿಟ್ ಮಾಡಿದ ದಿನದ ಫೋಟೊ ತೋರಿಸಿದೆ. "ಗ್ಯಾರಂಟಿ ಟರ್ಬೊಗೆ ಅಣ್ಣ, ಎಂಜಿನ್‌ಗಲ್ಲ." ಸರಿ, ಟರ್ಬೊನೇ ಬದಲಾಯಿಸಿ ಕೊಡು. "ಬಿಚ್ಚಿಸಿದೀರಲ್ಲ, ಬಿಚ್ಚಿದ ಮೇಲೆ ಗ್ಯಾರಂಟಿ ಇಲ್ಲ." ಗ್ರಾಹಕರ ಕೋರ್ಟಿಗೆ ಹೋಗ್ತೀನಿ ಅಂದೆ. ನಕ್ಕ. "ಬಿಲ್ಲಿದ್ರೆ ಹೋಗ್ರಿ." ಕೊನೆಗೆ ಏನಂದ ಗೊತ್ತಾ? "ಬಳ್ಳಾರಿ ಧೂಳಿಗೆ ಯಾವ ಟರ್ಬೊನೂ ನಿಲ್ಲಲ್ಲ." ಅಲ್ಲಯ್ಯಾ, ನೀನು ಮಾರುವಾಗ ಈ ಊರಲ್ಲಿ ಧೂಳಿರಲಿಲ್ವಾ? ದಿನಾ ಅದಿರಿನ ಲಾರಿ ನೋಡ್ತಾ ಕೂತವನಲ್ವಾ ನೀನು?

ಕಂಪನಿಯವರು ಟರ್ಬೊ ಹಾಕಿ ಗಾಡಿ ತರುವಾಗ ಪಿಸ್ಟನ್, ಪಂಪ್ ಎಲ್ಲ ಅದಕ್ಕೆ ತಕ್ಕಂತೆ ಮಾಡಿರ್ತಾರೆ. ಅದೆಲ್ಲ ಬದಲಿಸೋ ದುಡ್ಡಿಲ್ಲಾಂದ್ರೆ ಈ ಸಹವಾಸ ಬೇಡ. ಪಂಪ್ ಕ್ಯಾಲಿಬ್ರೇಷನ್ ಮಾಡಿಸಿ, ಇಂಜೆಕ್ಟರ್ ತೋರಿಸಿ, ಏರ್ ಕ್ಲೀನರ್ ಬದಲಿಸಿ, ಲೋಡ್ ಸ್ವಲ್ಪ ಕಮ್ಮಿ ಹಾಕಿ. ಆರ್‌ಟಿಓ ಬಗ್ಗೆ ಅವನ ಮಾತು ನಂಬಬೇಡಿ: ಆರ್‌ಸಿ ವಿವರ ಬೇರೆಯಾಗೋ ಹಾಗೆ ಗಾಡಿ ಬದಲಿಸೋದನ್ನ ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ತಡೆಯುತ್ತೆ. ಹಳೇ ಡೀಸೆಲ್ ಗಾಡಿಗೆ ಹೊಗೆ 65 ಎಚ್‌ಎಸ್‌ಯು (ಹೊಗೆ ಎಷ್ಟು ದಟ್ಟ ಅಂತ ಅಳೆಯೋ ಲೆಕ್ಕ) ದಾಟೋ ಹಾಗೂ ಇಲ್ಲ. ಆ ಕರೀ ಹೊಗೆ ಬಿಟ್ಕೊಂಡು ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟಿಗೆ) ಹೋದ್ರೆ ಬಾನೆಟ್ ಎತ್ತೋದೇ ಬೇಕಾಗಲ್ಲ. ಬಿಲ್ಲು ಕೈಗೆ ಬರೋತನಕ ಅಡ್ವಾನ್ಸ್ ಅಂತ ಒಂದು ರೂಪಾಯಿನೂ ಬಿಚ್ಚಬೇಡಿ.

ಎಂಜಿನ್ ಈಗ ಬಿಚ್ಚಿ ಬಿದ್ದಿದೆ. ಮೊದಲಿನ ಹಾಗೇ ಕಟ್ಟಿಸೋಣ ಅಂದ್ರೆ ಟರ್ಬೊ ಕೂರಿಸೋಕೆ ಬಿಚ್ಚಿದ ನನ್ನ ಹಳೇ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್ನಿನ ಹೊಗೆ ಹೊರಗೆ ಒಯ್ಯೋ ಕೊಳವೆ) ಅವನ ಹತ್ರ ಇತ್ತು. ಕೇಳಿದ್ರೆ "ಗುಜರಿಗೆ ಹೋಯ್ತು ಅಣ್ಣ" ಅಂದ. ಟರ್ಬೊ ಇಲ್ಲದ 697ರ ಮ್ಯಾನಿಫೋಲ್ಡ್, ಬಿರುಕಿಲ್ಲದ್ದು, ಬಳ್ಳಾರಿ ಹೊಸಪೇಟೆ ಕಡೆ ಯಾರ ಹತ್ರ ಇದ್ರೂ ದಯವಿಟ್ಟು ತಿಳಿಸಿ.